ಕಬ್ಬಿಣದ ಕಂದನ ಕೆನ್ನೆ

ಕಪ್ಪು ಕನ್ನಡಕ ಹಾಕಿಕೊಂಡು ತಾಯಿಯ ಕಾಲು ಹಿಡಿದು ಅಳುವ ಮಗನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಆ ತಾಯಿ ನಾನೇ.

ಮಗನ ಹೆಸರು ದುರುಗೇಶ್. ಸಂಡೂರಿನ ಕಡೆ ಗಣಿ ಮಾಡಿ ಧಿಡೀರನೆ ದೊಡ್ಡವನಾದ ಎರ್ರಿಯಪ್ಪನ ಒಬ್ಬನೇ ಮಗ. ಚೀನಾದವರು ನಮ್ಮ ಕೆಂಪು ಮಣ್ಣಿಗೆ ಮುಗಿಬಿದ್ದಿದ್ದ ಕಾಲ ಅದು. ಅದಿರಿನ ಲಾರಿಗಳ ಧೂಳಿಗೆ ಮರಿಯಮ್ಮನಹಳ್ಳಿಯಲ್ಲಿ ಒಣಹಾಕಿದ ಸೀರೆ ಕೂಡ ಕೆಂಪಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಈ ಹುಡುಗನಿಗೆ ಹೀರೋ ಆಗುವ ಹುಚ್ಚು ಹತ್ತಿತು. ಅಪ್ಪ ಸಿನಿಮಾ ತೆಗೆದ, 'ಕಬ್ಬಿಣದ ಕಂದ' ಎಂದು ಹೆಸರಿಟ್ಟ. ಮೂವತ್ತು ದಾಟಿದ ಕಂದ, ಸಿನಿಮಾದಲ್ಲಿ ಕಾಲೇಜು ಹುಡುಗ! ಎರಡು ಸಾಲು ಮಾತು ಬಾಯಿಗೆ ಬರುತ್ತಿರಲಿಲ್ಲ. ಕನ್ನಡಕ ತೆಗಿ ಎಂದರೆ ಮಾತ್ರ ಬಾಯಿ ತುಂಬ ಮಾತಾಡುತ್ತಿದ್ದ.

ನಾನು ಉಚ್ಚಂಗೆಮ್ಮ, ಮರಿಯಮ್ಮನಹಳ್ಳಿಯ ನಾಟಕದವಳು. ಸುತ್ತಲಿನ ಊರುಗಳಲ್ಲಿ ರಾಣಿಯಾಗಿ, ಭಿಕ್ಷುಕಿಯಾಗಿ, ಸವತಿಯಾಗಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ನನಗೆ ಬಣ್ಣ ಹಚ್ಚಿ ರಂಗಕ್ಕೆ ನೂಕಿದವಳು ಹಂಪಕ್ಕ. ಅವಳಿಗೆ ಮಕ್ಕಳಿಲ್ಲ, ನಾವೇ ಮಕ್ಕಳು. ಆ ಹೊತ್ತಿಗೆ ಅವಳ ಕಣ್ಣು ಮಂಜಾಗಿ ಹೋಗಿತ್ತು. ಆಪರೇಷನ್ ಮಾಡಿದರೂ ಇಷ್ಟೇ ಎಂದು ಡಾಕ್ಟರು ಕೈಚೆಲ್ಲಿದ್ದರು. ನಾಟಕ ಎಂಬುದು ಪರದೆ ಬಿದ್ದೊಡನೆ ಮುಗಿದುಹೋಗುವ ವಸ್ತು. ನಾವಿಬ್ಬರೂ ಅಷ್ಟು ವರ್ಷ ಮಾಡಿದ್ದಕ್ಕೆ ಒಂದು ಗುರುತೂ ಉಳಿದಿರಲಿಲ್ಲ. ಅದಕ್ಕೇ ಸಿನಿಮಾದವರು ಹೀರೋನ ತಾಯಿಯ ಪಾತ್ರಕ್ಕೆ ಕರೆದಾಗ ಹಂಪಕ್ಕ ನನ್ನ ಗದ್ದ ಹಿಡಿದುಕೊಂಡು, "ಹೋಗವ್ವಾ. ನನ್ನ ಕಣ್ಣು ಪೂರಾ ಹೋಗೂಕಿಂತ ಮೊದಲು ನಿನ್ನನ್ನ ಅಷ್ಟೆತ್ತರದ ಪರದಿ ಮ್ಯಾಲೆ ನೋಡ್ಬೇಕು" ಎಂದಳು.

ನನಗೆ ಇದ್ದದ್ದು ಒಂದೇ ದೊಡ್ಡ ಸೀನು. ಮಗ ಗಣಿಯ ಆಸೆಗೆ ಪಕ್ಕದ ಬಡವಿಯ ಗುಡಿಸಲಿಗೆ ಬೆಂಕಿ ಇಡುತ್ತಾನೆ. ತಾಯಿ ಬಂದು, "ನಾ ಹೆತ್ತಿದ್ದು ಮಗನ್ನ, ಬೆಂಕಿನಲ್ಲ" ಎಂದು ಕೆನ್ನೆಗೆ ಬಿಗಿಯುತ್ತಾಳೆ, ಮಗ ಕಾಲು ಹಿಡಿದು ಅಳುತ್ತಾನೆ. ಕಂಪ್ಲಿಯ ಹೊಳೆ ದಂಡೆಯಲ್ಲಿ, ಸುಡುಬಿಸಿಲಿನಲ್ಲಿ ಅದರ ಶೂಟಿಂಗ್. ಡೈರೆಕ್ಟರ್ ವ್ಯಾಸರಾಜ, ಹೊಸಪೇಟೆಯ ಆಚಾರ್ಯರ ಮನೆಯ ಹುಡುಗ, ಮೆತ್ತನೆಯ ಮನುಷ್ಯ. ಅವನು "ಸ್ವಲ್ಪ ತಾಗಲಿ ಅಮ್ಮಾ" ಎಂದದ್ದೇ ತಡ, ಹೀರೋ ಸಿಡಿದ.

"ಏಯ್, ಮೈಮ್ಯಾಲೆ ಕೈ ಗೀ ಬಿದ್ದೀತು! ಗಾಳ್ಯಾಗ ಹೊಡೀರಿ. ಸೌಂಡ್ ಆಮೇಲೆ ಹಾಕ್ಕೊಳ್ರಿ."

ನಾಟಕದಲ್ಲೂ ನಾವು ಹಾಗೇ ಮಾಡುವುದು. ಕೈ ಕೆನ್ನೆಯ ಹತ್ತಿರ ಬಂದು ನಿಲ್ಲುತ್ತದೆ, ಹೊಡೆಸಿಕೊಳ್ಳುವವನು ಗುಟ್ಟಾಗಿ ಚಪ್ಪಾಳೆ ತಟ್ಟಿ ಸದ್ದು ಮಾಡುತ್ತಾನೆ. ಆಗಲಿ ಎಂದು ಗಾಳಿಗೇ ಹೊಡೆದೆ. ಆದರೆ ಮಾತು ಮಾತ್ರ ಹೊಟ್ಟೆಯಿಂದ ಬಂತು. ಲೈಟ್ ಹಿಡಿದವರು, ಅಡುಗೆಯವರು, ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎಲ್ಲರೂ ಚಪ್ಪಾಳೆ ಹೊಡೆದರು. ಯಾರೋ "ಒನ್ಸ್ ಮೋರ್!" ಎಂದು ಕೂಗಿಯೇ ಬಿಟ್ಟರು.

ಅಷ್ಟು ಸಾಕಾಯಿತು ನನಗೆ. ಜ್ವರವಿರಲಿ, ಮನೆಯಲ್ಲಿ ಸಾವಿರಲಿ, ಮಂದಿ ಒನ್ಸ್ ಮೋರ್ ಎಂದರೆ ಮತ್ತೆ ಮಾಡಲೇಬೇಕು. ಹಂಪಕ್ಕ ನಮಗೆ ಕಲಿಸಿದ ಮೊದಲ ಪಾಠವೇ ಅದು. ಕ್ಯಾಮೆರಾ ನಿಂತಿದೆ ಎಂಬ ಪರಿವೆಯಿಲ್ಲದೆ ಮೊದಲಿನಿಂದ ಶುರುಮಾಡಿಬಿಟ್ಟೆ! ಎಲ್ಲರೂ ನಕ್ಕರು. ದುರುಗೇಶ್ ನಗಲಿಲ್ಲ. "ಈ ಮುದಿಕಿಗೆ ತಲಿ ಕೆಟ್ಟೈತೇನ್ಲೇ? ಸಿನಿಮಾ ನಂದೋ ಇಕೀದೋ?" ಎಂದು ಎಲ್ಲರೆದುರು ಕೇಳಿದ. ನುಂಗಿಕೊಂಡೆ. ಪರದೆಯ ಮೇಲೆ ಬರುತ್ತದಲ್ಲ, ಸಾಕು ಎಂದುಕೊಂಡೆ.

ಸಿನಿಮಾ ಸೆನ್ಸಾರಿಗೆ ಹೋಯಿತು. ಕೆಲವು ದಿನಗಳ ಮೇಲೆ ಎರ್ರಿಯಪ್ಪನ ಕಡೆಯವನೊಬ್ಬ ಮನೆಗೆ ಬಂದು, ನಿಮ್ಮ ಸೀನು ಸೆನ್ಸಾರಿನವರು ಕತ್ತರಿಸಿದರು, ತಾಯಿ ಮಗನಿಗೆ ಹೊಡೆಯುವುದು ನಮ್ಮ ಸಂಸ್ಕೃತಿಯಲ್ಲವಂತೆ ಎಂದು ಹೇಳಿಹೋದ. ಅಯ್ಯೋ ನಿಮ್ಮ ಸಂಸ್ಕೃತಿಗೆ ಬೆಂಕಿ ಬೀಳ! ಮಗ ಕೊಡಲಿಯಿಂದ ಮಂದಿಯನ್ನು ಕೊಚ್ಚುವುದು ಸಂಸ್ಕೃತಿಯೇ? ಕಂಡಿರದ ಆ ಸೆನ್ಸಾರಿನವರಿಗೆ ನಾನು ಹಾಕಿದ ಹಿಡಿಶಾಪಕ್ಕೆ ಲೆಕ್ಕವಿಲ್ಲ. ಆದರೆ ಹಂಪಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಆಗಲೇ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು, ಮಡಿಕೆ ಬಿಡಿಸಿ ಗಾಳಿಗೆ ಹಾಕಿದ್ದಳು.

ಬಿಡುಗಡೆಯ ದಿನ ಬೆಳಗಿನ ಆಟಕ್ಕೇ ಹೊಸಪೇಟೆಯ ಟಾಕೀಸಿನ ಮುಂದೆ ಜಾತ್ರೆ. ಹೀರೋನ ಕಟೌಟಿಗೆ ಹಾಲು ಸುರಿಯುತ್ತಿದ್ದರು. ಲಾರಿ ಧೂಳು ಕೂತಿದ್ದ ಮುಖದ ಮೇಲಿಂದ ಹಾಲು ಕೆಂಪು ನೀರಾಗಿ ಇಳಿಯುತ್ತಿತ್ತು. ನನಗೂ ಕರೆ ಬಂದಿತ್ತು. ಮಧ್ಯಂತರದಲ್ಲಿ ಪರದೆಯ ಮುಂದಿನ ಕಟ್ಟೆಯ ಮೇಲೆ ಸನ್ಮಾನ, ಸಿನಿಮಾದ ತಾಯಿ ಬಂದು ಮಗನಿಗೆ ಆರತಿ ಎತ್ತಿ ದೃಷ್ಟಿ ತೆಗೆಯಬೇಕಂತೆ. ಹಂಪಕ್ಕನನ್ನು ಮೊದಲ ಸಾಲಿನಲ್ಲೇ ಕೂರಿಸಿದೆ. ಅಷ್ಟು ಹತ್ತಿರವಾದರೆ ಮಾತ್ರ ಅವಳಿಗೆ ಮಸುಕಾಗಿಯಾದರೂ ಕಾಣುತ್ತಿತ್ತು.

ಪರದೆಯ ಮೇಲೆ ಮೊದಲು ಸೆನ್ಸಾರಿನ ಸರ್ಟಿಫಿಕೇಟು ಬಂತು. ಯು/ಎ. ಅಂದರೆ ಮಕ್ಕಳು ನೋಡುವುದಾದರೆ ದೊಡ್ಡವರು ಜೊತೆಗಿರಬೇಕು. ಆಮೇಲೆ ಶುರುವಾಯಿತು ನೋಡಿ ಕೊಚ್ಚಾಟ, ಕುಣಿದಾಟ. ಪ್ರತಿ ಹೊಡೆದಾಟ ಮುಗಿದ ಮೇಲೂ ಹಂಪಕ್ಕ ನನ್ನ ಮೊಣಕೈ ತಿವಿಯುತ್ತಿದ್ದಳು.

"ನಿಂದು ಯಾವಾಗ ಬರ್ತೈತೇ?"

"ಬರ್ತೈತಿ ಸುಮ್ನಿರಬೇ."

ಗುಡಿಸಲಿಗೆ ಬೆಂಕಿ ಬಿತ್ತು. ಹಂಪಕ್ಕ ಮುಂದಕ್ಕೆ ಬಾಗಿ ಕೂತಳು. ಬೆಂಕಿ ಆರುವ ಮೊದಲೇ ಹೀರೋ ಬೆಟ್ಟದ ಮೇಲೆ ಮುಂಬೈ ಹುಡುಗಿಯ ಜೊತೆ ಕುಣಿಯತೊಡಗಿದ. ಹಂಪಕ್ಕ ಇನ್ನೂ ಬಾಗಿಯೇ ಇದ್ದಳು. ಹಾಡು ಮುಗಿದ ಮೇಲೆ, "ನನ್ನ ಕಣ್ಣಿಗೆ ಕಾಣ್ಲಿಲ್ಲೇನವ್ವಾ, ಬಂದು ಹೋತೇನು?" ಎಂದು ಕೇಳಿದಳು.

ನನಗೆ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದೆ. ಬಾಗಿಲ ಬಳಿ ವ್ಯಾಸರಾಜ ಗೋಡೆಗೆ ಒರಗಿ ನಿಂತಿದ್ದ.

"ನಿಮ್ಮ ಸೆನ್ಸಾರಿನವರ ವಂಶ ಉದ್ಧಾರ ಆಗ್ಲಪ್ಪಾ" ಎಂದೆ. ಅಳು ಬಂದಿತ್ತು.

ಅವನು ನನ್ನ ಮುಖ ನೋಡಲಿಲ್ಲ. "ಅವರನ್ನ ಯಾಕ ಬೈತೀರಿ ಅಮ್ಮಾ? ಅವರು ನಿಮ್ಮ ಸೀನ್ ಮುಟ್ಟಿಲ್ಲ. ನೋಡ್ತಾ ಒಬ್ಬ ಹೆಣ್ಮಗಳು ಕಣ್ಣು ಒರಸಿಕೊಂಡ್ರು."

"ಮತ್ತ?"

"ಅವರು ಬ್ಯಾಡಂದದ್ದು ಕೊಡ್ಲೀಲೆ ಕೊಚ್ಚೋ ಸೀನು. ಮೊದಲು ದೊಡ್ಡೋರಿಗಷ್ಟೇ ಅಂತ ಎ ಕೊಟ್ಟಿದ್ರು. ಯಜಮಾನ್ರಿಗೆ ಹೆಂಗಸರು, ಮಕ್ಕಳು ಬರಬೇಕಿತ್ತು. ಒಂದಿಷ್ಟು ರಕ್ತ ತೆಗೆದು ಯು/ಎ ತಂದೆ. ತೆಗೆದಷ್ಟು ತನ್ನ ಮುಖ ಕಡಿಮಿ ಆತು, ನಿಮ್ಮದ್ಯಾಕ ಉಳೀಬೇಕು ಅಂತ ದುರುಗೇಶ್ ಕುಣಿದಾಡಿದ. ಏಟು ತಿನ್ನೋನು ಎಂಥ ಹೀರೋ, ಆ ಮುದಿಕಿ ಸೀನ್ ತೆಗೀ, ಕೇಳಿದ್ರ ಸೆನ್ಸಾರಿನವರ ಹೆಸರು ಹೇಳು ಅಂದ. ನಾ ಏನ್ ಮಾಡ್ಲಿ ಹೇಳ್ರಿ."

ಏನು ಮಾಡಬೇಕೆಂದು ನನಗೆ ತಿಳಿದಿತ್ತು. ಅಳು ನಿಂತುಹೋಯಿತು. ಮೈಯೆಲ್ಲ ಉರಿಯುತ್ತಿತ್ತು, ಕೈ ಮಾತ್ರ ತಣ್ಣಗಿತ್ತು. ಬಣ್ಣ ಹಚ್ಚಿಕೊಂಡು ಸೈಡ್‌ವಿಂಗಿನಲ್ಲಿ ನಿಂತಾಗ ನನಗೆ ಯಾವಾಗಲೂ ಹಾಗಾಗುತ್ತದೆ.

ಮಧ್ಯಂತರವಾಯಿತು. ದುರುಗೇಶ್ ಕಟ್ಟೆಯ ಮೇಲೆ ಬಂದು ಕೈ ಬೀಸಿದ. ಕಣ್ಣಿಗೆ ಅದೇ ಕನ್ನಡಕ. ಪಕ್ಕದಲ್ಲಿ ಎರ್ರಿಯಪ್ಪ, ಬೆನ್ನಿಗೆ ದಾಂಡಿಗರು. ಶಿಳ್ಳೆಯೋ ಶಿಳ್ಳೆ. ಆರತಿ ತಟ್ಟೆ ಹಿಡಿದು ಹತ್ತಿದೆ. ಮೈಕಿನಲ್ಲಿ ಯಾರೋ, "ಕಬ್ಬಿಣದ ಕಂದನ ತಾಯಿ!" ಎಂದು ಕೂಗಿದರು. ಆರತಿ ಎತ್ತಿದೆ. ದೃಷ್ಟಿಯನ್ನೂ ತೆಗೆದೆ. ತಟ್ಟೆಯನ್ನು ಎರ್ರಿಯಪ್ಪನ ಕೈಗೇ ಕೊಟ್ಟು ಮೈಕಿನ ಮುಂದೆ ನಿಂತೆ.

"ಅಪ್ಪಗಳ್ರಾ, ಅವ್ವಗಳ್ರಾ! ಗುಡಿಸ್ಲಿಗೆ ಬೆಂಕಿ ಬಿದ್ದ ಮ್ಯಾಲೆ ಇವನವ್ವ ಏನಂದ್ಲು ಅಂತ ನೀವು ನೋಡ್ಲಿಲ್ಲ. ತೋರಿಸ್ಲೇನ್ರಿ?"

"ತೋರ್ಸು!" ಎಂದಿತು ಇಡೀ ಟಾಕೀಸು.

ದುರುಗೇಶ್ ಹಲ್ಲು ಕಚ್ಚಿಕೊಂಡೇ ನಗುತ್ತಾ, "ಇಳೀ ಕೆಳಗ" ಎಂದ. ನಾನು ಅವನ ಅಂಗಿಯ ಕಾಲರು ಹಿಡಿದೆ. ಹೊಳೆ ದಂಡೆಯಲ್ಲಿ ಹೇಳಿದ ಮಾತನ್ನೆಲ್ಲ ಹೇಳಿದೆ. ಕಡೆಯ ಸಾಲು ಹಿಂದಿನ ಬಾಲ್ಕನಿಯ ಗೋಡೆಗೆ ಬಡಿದು ವಾಪಸು ಬಂತು. "ನಾ ಹೆತ್ತಿದ್ದು ಮಗನ್ನ, ಬೆಂಕಿನಲ್ಲ!" ಎಂದು ಬಾರಿಸಿದೆ. ಈ ಸಲ ಕೈ ಗಾಳಿಯಲ್ಲಿ ನಿಲ್ಲಲಿಲ್ಲ.

ಕನ್ನಡಕ ಕಿವಿಯಿಂದ ಜಾರಿ ಒಂದೇ ಕಡೆ ಜೋತುಬಿತ್ತು. ದಾಂಡಿಗರು ಮುಂದೆ ಬಂದರು. ಅಷ್ಟರಲ್ಲಿ ಟಾಕೀಸು ಎದ್ದು ನಿಂತಿತ್ತು. ಅದೂ ಸನ್ಮಾನದ ಒಂದು ಭಾಗವೆಂದೇ ಮಂದಿ ತಿಳಿದಿದ್ದರು. ಬೆಳಗಿನಿಂದ ಅವನಿಗೆ ಸಿಕ್ಕಿರದಷ್ಟು ಚಪ್ಪಾಳೆ! ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಎರ್ರಿಯಪ್ಪ ಕೈಯೆತ್ತಿ ದಾಂಡಿಗರನ್ನು ತಡೆದ. ಅಷ್ಟು ವ್ಯಾಪಾರ ಅವನಿಗೆ ಗೊತ್ತಿತ್ತು. ದುರುಗೇಶ್ ಕನ್ನಡಕ ಸರಿಮಾಡಿಕೊಂಡು ಮತ್ತೆ ಹಲ್ಲು ಕಿರಿದ. ಇನ್ನೇನು ಮಾಡಿಯಾನು?

ಆಗ ಮೊದಲ ಸಾಲಿನಿಂದ ಸೀಳು ದನಿಯೊಂದು ಎದ್ದಿತು. ಆ ದನಿ ನನಗೆ ಚೆನ್ನಾಗಿ ಗೊತ್ತು. ಇಳಕಲ್ ಸೀರೆ ಸೆರಗು ಬಿಗಿದು ಎದ್ದು ನಿಂತಿದ್ದಳು ಹಂಪಕ್ಕ.

"ನಂಗ ಸರಿಯಾಗಿ ಕಾಣ್ಲಿಲ್ಲಬೇ ಉಚ್ಚಂಗೀ! ಒನ್ಸ್ ಮೋರ್!"

ಬಾಲ್ಕನಿಯವರು ಹಿಡಿದರು. "ಒನ್ಸ್ ಮೋರ್! ಒನ್ಸ್ ಮೋರ್!" ಹಾಲು ಸುರಿದ ಅವನ ಹುಡುಗರೇ ಸೀಟಿನ ಮೇಲೆ ಹತ್ತಿ ಕೂಗುತ್ತಿದ್ದರು. ದುರುಗೇಶ್ ಅಪ್ಪನ ಕಡೆ ನೋಡಿದ. ಅಪ್ಪ ಮಂದಿಯ ಕಡೆ ನೋಡುತ್ತಿದ್ದ.

ಒನ್ಸ್ ಮೋರ್ ಬಂದ ಮೇಲೆ ನಾನು ಇಲ್ಲ ಎಂದವಳಲ್ಲ.

"ಕನ್ನಡಕ ತೆಗಿಯಪ್ಪಾ ಮಗನೇ" ಎಂದೆ.

ತೆಗೆದ. ಆ ಕಣ್ಣುಗಳನ್ನು ನಾನು ನೋಡಿದ್ದು ಅದೇ ಮೊದಲು. ಪಿಳಿಪಿಳಿ ಮಿಟುಕುತ್ತಿದ್ದವು. ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊದಲಿನಿಂದ ಶುರುಮಾಡಿದೆ. ಒಂದು ಮಾತನ್ನೂ ಬಿಡಲಿಲ್ಲ. ಹಂಪಕ್ಕನಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಕೊನೆಯ ಏಟನ್ನು ಅವಳಿಗೆ ಕೇಳಿಸುವ ಹಾಗೆ ಹೊಡೆದೆ.