ಎರಡು ಸಲ ಮಾರಿದ ಸೀಟು

ಬೋಯಾನ್ ಎಲ್ಲರಿಗೂ ಬುರೆಕ್, ಅಂದರೆ ಚೀಸ್ ತುಂಬಿದ ಪದರ ರೊಟ್ಟಿ, ತಂದಿದ್ದ. ಸರ್ಬಿಯಾದ ನೀಶ್ ಊರಿನಲ್ಲಿ ಯಾರಿಗೆ ಒಳ್ಳೆಯದಾಯಿತೋ ಅವರೇ ಉಳಿದವರಿಗೆ ತಿನ್ನಿಸಬೇಕು. ಆಫೀಸಿನಲ್ಲೂ ಅದೇ ರೂಢಿ. ಬಸ್ ಟಿಕೆಟ್ ಮಾರುವ ಹಳೆಯ ಪ್ರೋಗ್ರಾಮನ್ನು ರಸ್ಟ್ ಎಂಬ ಹೊಸ ಭಾಷೆಯಲ್ಲಿ ಮತ್ತೆ ಬರೆಯುವ ತಂಡಕ್ಕೆ ಅವನನ್ನು ಮುಖ್ಯಸ್ಥನನ್ನಾಗಿ ಮಾಡಿದ್ದರು. ಹಳೆಯದನ್ನು ಬರೆದವಳು ದೋಬ್ರಿಲಾ. ಬೋಯಾನ್ ಕೆಲಸಕ್ಕೆ ಸೇರಿದಾಗ ಪಕ್ಕದಲ್ಲಿ ಕೂರಿಸಿಕೊಂಡು ಕೋಡ್ ಬರೆಯುವುದನ್ನು ಕಲಿಸಿದವಳೂ ಅವಳೇ.

ಅವಳ ಮೇಜಿನ ಮೇಲೆ ಅವನು ಒಂದು ದೊಡ್ಡ ತುಂಡು, ಒಂದು ಲೋಟ ಮೊಸರು ಇಟ್ಟ.

"ತಿನ್ನಿ ಅಕ್ಕ. ನೀವು ಹಳೇದನ್ನ ನೋಡ್ಕೊಂಡು ಆರಾಮಾಗಿರಿ. ಈ ವಯಸ್ಸಲ್ಲಿ ಹೊಸ ಭಾಷೆ ತಲೆನೋವು ಯಾಕೆ ನಿಮಗೆ? ಡೈರೆಕ್ಟರ್‌ಗೂ ಅದನ್ನೇ ಹೇಳಿದೆ."

ಓಹೋ, ಚುಚ್ಚಿಕೊಟ್ಟವನು ಇವನೇ. ಖುಷಿಗೆ ತಂದ ತಿಂಡಿಯನ್ನು ಒಲ್ಲೆ ಅನ್ನುವಂತಿಲ್ಲ. ದೋಬ್ರಿಲಾ ತಿಂದಳು, ಚೆನ್ನಾಗಿದೆ ಎಂದಳು, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಕೂತಳು. ಹಳೆಯ ಪ್ರೋಗ್ರಾಂ ನಿಲ್ಲಿಸಿದ ದಿನ ತನ್ನ ಕುರ್ಚಿಯನ್ನೂ ಎತ್ತಿಬಿಡುತ್ತಾರೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಹೊಸ ಭಾಷೆಯ ಪುಸ್ತಕವನ್ನು ಮೊದಲ ಪುಟದಿಂದ ಓದಲಿಲ್ಲ. ಅದು ಪುರುಸೊತ್ತಿದ್ದವರ ಕೆಲಸ. ತನಗೆ ರಕ್ತಗತವಾಗಿದ್ದ ಸೀಟು ಹಂಚುವ ಲೆಕ್ಕವನ್ನೇ ತೆಗೆದುಕೊಂಡು ಹೊಸ ಭಾಷೆಯಲ್ಲಿ ಬರೆಯಲು ಕೂತಳು. ಬರೆದ ಕೋಡಿನಲ್ಲಿ ತಪ್ಪು ಹುಡುಕುವ ಕಂಪೈಲರ್ ಬೈಯಿತು. ಬೈಗುಳವನ್ನು ಗಮನವಿಟ್ಟು ಓದಿದಳು. ಬೇಕೆಂದೇ ಇನ್ನೊಂದು ತಪ್ಪು ಮಾಡಿ, ಅದಕ್ಕೇನು ಅನ್ನುತ್ತದೆ ನೋಡಿದಳು. ಈ ಭಾಷೆಯಲ್ಲಿ ಒಂದು ವಸ್ತುವಿಗೆ ಒಬ್ಬನೇ ಒಡೆಯ. ಇನ್ನೊಬ್ಬರಿಗೆ ಬೇಕಾದರೆ ಎರವಲು ಕೊಡಬೇಕು. ಎಷ್ಟೋ ವರ್ಷಗಳ ಹಳೇ ಚಾಳಿ ಹೆಜ್ಜೆಹೆಜ್ಜೆಗೂ ಅಡ್ಡ ಬಂತು. ಅವಳು ಕಂಪೈಲರನ್ನು ಶಪಿಸಿದಳು, ಆಮೇಲೆ ಅದು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡಳು. ವಾರ ಮುಗಿಯುವುದರೊಳಗೆ ಬೈಗುಳ ಕಮ್ಮಿಯಾಗಿ, ಪ್ರೋಗ್ರಾಂ ಓಡತೊಡಗಿತು.

ಆಮೇಲೆ ಬೋಯಾನ್‌ನ ಕೋಡ್ ತೆರೆದಳು. ಆಫೀಸಿನಲ್ಲಿ ಯಾರದನ್ನು ಯಾರು ಬೇಕಾದರೂ ಓದಬಹುದಿತ್ತು. ಓದುತ್ತ ಓದುತ್ತ ಅವಳ ಮುಖದ ಮೇಲೆ ನಗು ಮೂಡಿತು. ಕಂಪೈಲರ್ ಬೈದಲ್ಲೆಲ್ಲ ಅವನು ಅದರ ಬಾಯಿ ಮುಚ್ಚಿಸಲು, ಎರವಲು ಕೊಡುವ ಬದಲು ಆ ವಸ್ತುವಿನ ಒಂದೊಂದು ನಕಲು ಮಾಡಿದ್ದ. ಸೀಟುಗಳ ಪಟ್ಟಿಗೂ ಅದೇ ಗತಿ. ಪ್ರತಿ ಕೌಂಟರ್‌ನ ಕೈಯಲ್ಲೂ ಅದರದೇ ನಕಲು; ಒಂದರಲ್ಲಿ ಮಾರಿದ್ದು ಇನ್ನೊಂದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಒಂದೇ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ ಬೀಗುತ್ತಿದ್ದವನಿಗೆ ಅದು ಕಂಡಿರಲಿಲ್ಲ.

ಎರಡು ಸಾಲು ಬರೆದು ಅವನಿಗೆ ತಿಳಿಸಬಹುದಿತ್ತು. ಬರೆದಳು ಕೂಡ. ಇನ್ನೇನು ಕಳಿಸಬೇಕು ಅನ್ನುವಾಗ ಬುರೆಕ್ಕಿನ ಜಿಡ್ಡು ಗಂಟಲಿಗೆ ಬಂದಂತಾಗಿ, ಅಳಿಸಿಬಿಟ್ಟಳು.

ಬಸ್ ಕಂಪನಿಯವರು ಹೊಸ ಪ್ರೋಗ್ರಾಂ ನೋಡಲು ಬಂದರು. ಬೋಯಾನ್ ಬೆಲ್‌ಗ್ರೇಡ್ ಬಸ್ಸಿನ ಕಿಟಕಿ ಸೀಟೊಂದನ್ನು ಪಟ್ಟಂತ ಮಾರಿ ತೋರಿಸಿದ. ಡೈರೆಕ್ಟರ್ ರಾತ್ಕೊ ತಲೆದೂಗಿದರು.

"ಅದೇ ಸೀಟನ್ನ ಈ ಕಂಪ್ಯೂಟರ್‌ನಿಂದಲೂ ಕೇಳಿ ನೋಡಿ ಸರ್," ಎಂದು ದೋಬ್ರಿಲಾ ತನ್ನ ಲ್ಯಾಪ್‌ಟಾಪ್ ಅನ್ನು ಅವರತ್ತ ತಳ್ಳಿದಳು.

ರಾತ್ಕೊ ಒತ್ತಿದರು. ಅದೇ ಸೀಟು ಅವರಿಗೂ ಸಿಕ್ಕಿತು.

"ಪರವಾಗಿಲ್ಲ ಬಿಡಿ," ಎಂದರು ಬಸ್ ಕಂಪನಿಯ ಹಿರಿಯರು. "ಚಳಿಗಾಲದಲ್ಲಿ ಒಬ್ಬರ ತೊಡೆ ಮೇಲೆ ಒಬ್ಬರು ಕೂತ್ಕೋತಾರೆ."

ಯಾರೂ ನಗಲಿಲ್ಲ. ಬೋಯಾನ್ ಕೀಲಿಗಳನ್ನು ಕುಟ್ಟಿದ, ಮತ್ತೆ ಕುಟ್ಟಿದ. ದೋಬ್ರಿಲಾ ಎದ್ದು ಹೋಗಿ ಎರಡೂ ಕಂಪ್ಯೂಟರ್‌ಗಳಲ್ಲಿ ತಾನು ಬರೆದಿದ್ದನ್ನು ತೆರೆದು, ಒಂದರಲ್ಲಿ ಆ ಸೀಟನ್ನು ಮಾರಿದಳು. ಈ ಸಲ ರಾತ್ಕೊ ಇನ್ನೊಂದರಿಂದ ಅದೇ ಸೀಟು ಕೇಳಿದಾಗ, ಅದು ಆಗಲೇ ಮಾರಾಟವಾಗಿದೆ ಎಂದು ಬಂತು.

"ಇದನ್ನ ಬರೆದಿದ್ದು ಯಾರು?"

"ನಾನೇ ಸರ್."

ಬಂದವರು ಹೊರಟ ಮೇಲೆ ಬೋಯಾನ್ ಮೆಲ್ಲನೆ ಹತ್ತಿರ ಬಂದ. "ಅಕ್ಕ, ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ? ಒಂದು ಮಾತು ಹೇಳಬಹುದಿತ್ತು."

"ಹೇಳಬಹುದಿತ್ತು," ಎಂದಳು ದೋಬ್ರಿಲಾ. ಅವಳ ಹೊಟ್ಟೆ ತಣ್ಣಗಾಗಿತ್ತು. ಪಾಪ ಅನ್ನಿಸುತ್ತದೆಯೇ ಎಂದು ಒಂದು ಗಳಿಗೆ ಕಾದಳು. ಅನ್ನಿಸಲಿಲ್ಲ.

ರಾತ್ಕೊ ತಂಡವನ್ನು ಅವಳ ಕೈಗೆ ಒಪ್ಪಿಸಿದರು. "ಬೋಯಾನ್ ನಿಮ್ಮ ಕೈಕೆಳಗೇ ಇರಲಿ ಅಲ್ವಾ? ಒಳ್ಳೇ ಹುಡುಗ, ನೀವೇ ತಯಾರು ಮಾಡಿದವನು."

ಬೋಯಾನ್ ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

"ಬೇಡ ಸರ್," ಎಂದಳು ದೋಬ್ರಿಲಾ. "ಅವನಿಗೆ ಬರೋದೆಲ್ಲ ನಾನು ಕಲಿಸಿದ್ದು. ಅಷ್ಟು ನನಗೇ ಬರುತ್ತೆ."