ಬಲಗಡೆ ಬಾಗಿಲಿನ ಬಸ್ಸು

ಮೊದಲಿಗೇ ತಪ್ಪಾಯಿತು ಎಂದು ಹೇಳಿಬಿಡುತ್ತೇನೆ. ಕತೆ ಬರೆಯುವಷ್ಟು ಓದಿದವಳಲ್ಲ ನಾನು. ಹಗಲು ಕೆಲಸ ಮಾಡಿ, ಸಂಜೆ ಕ್ಲಾಸಿಗೆ ಹೋಗಿ ಹತ್ತನೆಯದು, ಹನ್ನೆರಡನೆಯದು ಪಾಸು ಮಾಡಿಕೊಂಡವಳು. ಬರೆದದ್ದನ್ನು ಮೂರು ಸಲ ಓದಿದರೂ ನಾಲ್ಕನೆಯ ಸಲಕ್ಕೆ ಒಂದು ತಪ್ಪು ಸಿಕ್ಕೇ ಸಿಗುತ್ತದೆ. ಇದರಲ್ಲಿಯೂ ಸಿಗಬಹುದು. ಆದರೆ ಇದನ್ನು ಬೇರೆ ಯಾರೂ ಬರೆಯುವ ಹಾಗೆ ಕಾಣಲಿಲ್ಲ, ಬರೆಯದೆ ಬಿಡಲು ನನಗೆ ಮನಸ್ಸೂ ಬರಲಿಲ್ಲ.

ನಾನು ಹುಲಿಗೆಮ್ಮ. ಗೋವಾದ ಮಡಗಾಂವ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿರುವ ರಘುವೀರಣ್ಣನವರ ರಬ್ಬರ್ ಸ್ಟ್ಯಾಂಪಿನ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸಕ್ಕಿದ್ದೇನೆ. ಈಗೆಲ್ಲ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಉಲ್ಟಾ ಮಾಡಿ, ಯಂತ್ರಕ್ಕೆ ಕೊಟ್ಟರೆ ಸ್ಟ್ಯಾಂಪು ತಯಾರು. ಆದರೆ ರಘುವೀರಣ್ಣ ನನಗೆ ಮೊದಲು ಕಲಿಸಿದ್ದು ಬ್ಲೇಡಿನಿಂದ ಕೈಯಲ್ಲೇ ಕೊರೆಯುವುದನ್ನು. ರಬ್ಬರಿನ ಮೇಲೆ ಅಕ್ಷರ ಉಲ್ಟಾ ಇದ್ದರೆ ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ. ಮೊದಲ ವರ್ಷ ತಲೆ ಸುತ್ತುತ್ತಿತ್ತು. ಈಗ ಕೈ ತಾನಾಗಿ ತಿರುಗಿಸುತ್ತದೆ. ಕಿರಾಣಿ ಚೀಟಿಯನ್ನೂ ಉಲ್ಟಾ ಬರೆದುಕೊಟ್ಟು ಅವ್ವನಿಂದ ಬೈಸಿಕೊಂಡಿದ್ದೇನೆ.

ಶುಭಾ ಅಕ್ಕ ನಮ್ಮ ಅಂಗಡಿಗೆ ಬಂದದ್ದು ಮೂರು ವರ್ಷದ ಹಿಂದೆ. ಧಾರವಾಡದವರು, ಯಜಮಾನರು ಇಲ್ಲಿ ಬ್ಯಾಂಕಿನಲ್ಲಿದ್ದಾರೆ. ಅಕ್ಕ ಮನೆಯಲ್ಲಿ ಕಾರ್ಡು ಮಾಡುತ್ತಾರೆ. ದಪ್ಪ ಕಾಗದವನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದರೆ ನೂರು ವರ್ಷದ ಹಿಂದಿನ ಪತ್ರದ ಹಾಗೆ ಕಾಣುತ್ತದೆ. ಅದರ ಮೇಲೆ ಕಂದು ಶಾಯಿಯಲ್ಲಿ ಹಡಗು, ದೀಪಸ್ತಂಭ, ಚರ್ಮದ ಪೆಟ್ಟಿಗೆ, ದಿಕ್ಸೂಚಿ ಒತ್ತಿ, ಮೂಲೆಯಲ್ಲಿ ಹಳೆಯ ಅಂಚೆ ಮುದ್ರೆಯಂಥದ್ದೊಂದು ಹಾಕುತ್ತಾರೆ. ಪ್ರವಾಸಕ್ಕೆ ಬಂದವರು ಇಷ್ಟಪಟ್ಟು ಒಯ್ಯುತ್ತಾರೆ. ಅವರು ನಮ್ಮಲ್ಲಿಗೆ ಬಂದದ್ದು ಆ ಅಂಚೆ ಮುದ್ರೆಗೆ.

ರಘುವೀರಣ್ಣ ಕಾರವಾರದವರು, ನಿಯಮದ ಮನುಷ್ಯ. ದುಂಡು ಸಿಕ್ಕಾ, ಅಂದರೆ ದುಂಡನೆಯ ಮೊಹರು, ಬೇಕೆಂದರೆ ಕಚೇರಿಯ ಹೆಸರಿರುವ ಕಾಗದದಲ್ಲಿ ಪತ್ರ ತರಬೇಕು.

"ಪತ್ರ ಇಲ್ಲದೆ ದುಂಡು ಮಾಡೂದಿಲ್ಲ ಮೇಡಂ" ಎಂದರು.

"ಅಯ್ಯ, ಇದು ಸುಳ್ಳು ಅಂಚೆ ಕಚೇರಿ ಅದರೀ! ಇಲ್ಲದ ಕಚೇರಿಯಿಂದ ಪತ್ರ ಎಲ್ಲಿಂದ ತರ್ಲಿ?"

"ಸುಳ್ಳು ಅಂದ ಮೇಲೆ ಬೇಡವೇ ಬೇಡ."

ಮರುದಿನ ಅಕ್ಕ ಪತ್ರ ತಂದರು. ಚಹಾ ಬಣ್ಣದ ಕಾಗದ. ಮೇಲೆ 'ಸಮುದ್ರದಾಚೆಯ ಅಂಚೆ ಕಚೇರಿ' ಎಂದು ದೊಡ್ಡದಾಗಿ ಬರೆದು, ಕೆಳಗೆ 'ಪೋಸ್ಟ್ ಮಾಸ್ತರ್ ಶುಭಾ' ಎಂದು ಸಹಿ. ರಘುವೀರಣ್ಣ ಅದನ್ನು ಎರಡು ಸಲ ಓದಿ, ತಾರೀಖು ಹಾಕಿ, ಫೈಲಿಗೆ ಸೇರಿಸಿ, "ಈಗ ಆಯ್ತು, ಹುಲಿಗೆಮ್ಮಾ, ಮಾಡಿಕೊಡು" ಎಂದರು.

ಅಲ್ಲಿಂದ ಅಕ್ಕನ ಪರಿಚಯ ಬೆಳೆಯಿತು. ಭಾನುವಾರ ಅವರ ಮನೆಗೆ ಹೋಗಿ ಕಾರ್ಡು ಮಾಡುವುದನ್ನು ಕಲಿತೆ. ನನಗೆ ಕಷ್ಟವಾದದ್ದು ಒಂದೇ. ಹಳೆಯದಾಗಿ ಕಾಣಬೇಕಾದರೆ ಸ್ಟ್ಯಾಂಪನ್ನು ಪೂರ್ತಿ ಒತ್ತಬಾರದು, ಒಂದು ಅಂಚು ಮಸುಕಾಗಿರಬೇಕು. ನಮ್ಮ ಅಂಗಡಿಯಲ್ಲಿ ಮಸುಕಾಗಿ ಬಿದ್ದ ಸಿಕ್ಕಾ ಎಂದರೆ ವಾಪಸು ಬರುವ ಸಿಕ್ಕಾ. ನಾನು ಎಷ್ಟು ಪ್ರಯತ್ನಪಟ್ಟರೂ ನಾಲ್ಕೂ ಅಂಚು ಸ್ಪಷ್ಟವಾಗಿ ಬೀಳುತ್ತಿತ್ತು.

"ಹುಲಿಗೆಮ್ಮಾ, ನೀ ಒತ್ತಿದ ಹಡಗು ನೋಡಿದ್ರ ನಾಳೆ ತಹಶೀಲ್ದಾರ ಕಚೇರಿಗೆ ಹೊಂಟಂಗ ಕಾಣಸ್ತದ" ಎಂದು ಅಕ್ಕ ನಗುತ್ತಿದ್ದರು. ಮಸುಕು ಮಾಡುವುದನ್ನು ಕಲಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಈ ವರ್ಷ ಮಳೆ ಮುಗಿಯುವ ಹೊತ್ತಿಗೆ ಶಂಕರಲಿಂಗ ಕಾಕಾ ನಿವೃತ್ತರಾಗುತ್ತಾರೆಂಬ ಸುದ್ದಿ ಬಂತು.

ಕಾಕಾ ಮುದ್ದೇಬಿಹಾಳ–ಮಡಗಾಂವ್ ಕೆಂಪು ಬಸ್ಸಿನ ಡ್ರೈವರು. ಮೂವತ್ತು ವರ್ಷ ಅದೇ ದಾರಿ. ನಮ್ಮ ಓಣಿಯಲ್ಲಿ ಗಾರೆ ಕೆಲಸದವರು, ಕೂಲಿಯವರು, ಮನೆಗೆಲಸದವರು, ಹೆಚ್ಚುಕಡಿಮೆ ಎಲ್ಲರೂ ಆ ಬಸ್ಸಿನಲ್ಲೇ ಗೋವಾಕ್ಕೆ ಬಂದವರು. ಊರಿನಿಂದ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಔಷಧ, ಮದುವೆ ಪತ್ರಿಕೆ ಎಲ್ಲ ಕಾಕಾನ ಕೈಯಲ್ಲೇ ಬರುತ್ತಿದ್ದವು. ಗಂಟಿಗೆ ಹೆಸರಿನ ಚೀಟಿ ಪಿನ್ನು ಹಾಕಿ ಕೊಟ್ಟರೆ ಸಾಕು. ನಾನು ಹತ್ತನೆಯ ಪರೀಕ್ಷೆಗೆ ಕೂರುವ ವರ್ಷ, ಶಾಲೆ ಬಿಟ್ಟ ದಾಖಲೆ ಊರಲ್ಲೇ ಉಳಿದಿತ್ತು. ಫಾರ್ಮು ತುಂಬುವ ಕೊನೆಯ ದಿನ ಬೆಳಿಗ್ಗೆ ಕಾಕಾ ಅದನ್ನು ಅಂಗಿಯೊಳಗಿಂದ ತೆಗೆದುಕೊಟ್ಟರು. ಮಳೆಯಲ್ಲಿ ನೆನೆಯಬಾರದೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು. ಆ ಕಾಗದ ಬಾರದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಕೊನೆಯ ಸರತಿ ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ ಮಡಗಾಂವ್ ಸ್ಟ್ಯಾಂಡಿನಿಂದ. ಏನು ಕೊಡೋಣ ಎಂದು ಓಣಿಯವರು ಸೇರಿದಾಗ ಶಾಲು, ಗಡಿಯಾರ ಎಂದೆಲ್ಲ ಮಾತಾಯಿತು. ನಾನು ಹೆದರುತ್ತಲೇ, ಮನೆಗೊಂದು ಕಾರ್ಡು ಮಾಡೋಣ, ಮೇಲೆ ಕಾಕಾನ ಬಸ್ಸು, ಒಳಗೆ ಒಬ್ಬೊಬ್ಬರ ಮಾತು ಎಂದೆ. ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ. ಅಷ್ಟು ದೊಡ್ಡ ಚಿತ್ರವನ್ನು ನಾನು ಯಾವತ್ತೂ ಕೊರೆದಿರಲಿಲ್ಲ.

"ಅಕ್ಕಾರ, ನೀವ ಚಿತ್ರ ತಗದು ಕೊಡ್ರಿ" ಎಂದರೆ ಶುಭಾ ಅಕ್ಕ ಕೇಳಲಿಲ್ಲ.

"ನಿನ್ನ ಕಾಕಾ, ನಿನ್ನ ಬಸ್ಸು. ನೀನ ಕೊರಿ. ನಾ ಚಹಾ ಕುದಿಸ್ತೀನಿ."

ಮೊಬೈಲಿನಲ್ಲಿದ್ದ ಬಸ್ಸಿನ ಫೋಟೋ ನೋಡಿ ರಬ್ಬರಿನ ಮೇಲೆ ಚಿತ್ರ ಬರೆದು, ಐದು ದಿನ ಬಿಡುವಾದಾಗಲೆಲ್ಲ ಕೊರೆದೆ. ಮುಂದಿನ ಗಾಜು, ಕಿಟಕಿಯ ಸರಳು, ಮೇಲೆ ಕಟ್ಟಿದ ಗಂಟುಗಳು, ಬಾಗಿಲು, ಸ್ಟಿಯರಿಂಗಿನ ಹಿಂದೆ ಕಾಕಾನ ಟೋಪಿ. ಬೋರ್ಡಿನ ಮೇಲೆ 'ಮುದ್ದೇಬಿಹಾಳ–ಮಡಗಾಂವ್'. ಅರವತ್ತು ಕಾರ್ಡಿನ ಮೇಲೆ ಒತ್ತಿದೆವು. ಚಹಾ ಬಣ್ಣದ ಕಾಗದದಲ್ಲಿ ಕಂದು ಬಸ್ಸು, ಹಿಂದಿನ ಚಕ್ರ ಸ್ವಲ್ಪ ಮಸುಕು, ಧೂಳೆಬ್ಬಿಸಿಕೊಂಡು ಹೊರಟ ಹಾಗೆ. ಜೀವನದಲ್ಲಿ ಮೊದಲ ಸಲ ನಾನು ಮಾಡಿದ್ದು ನನಗೇ ಚೆಂದ ಕಂಡಿತು.

ಮುಂದಿನ ನಾಲ್ಕು ದಿನ ಮನೆಮನೆಗೆ ಹೋಗಿ ಕಾರ್ಡು ಬರೆಸಿಕೊಂಡೆ. ಬರೆಯಲು ಬಾರದವರು ಹೇಳಿದರು, ನಾನು ಬರೆದೆ, ಅವರು ಹೆಬ್ಬೆಟ್ಟು ಒತ್ತಿದರು.

"ಬರಿ. ಮೂವತ್ತು ವರ್ಸದಾಗ ನನ್ನ ರೊಟ್ಟಿ ಒಂದೂ ಮುರೀಲಿಲ್ಲ ಅಂತ ಬರಿ" ಎಂದಳು ನನ್ನ ಅವ್ವ ಸುಂದರವ್ವ. "ಶೇಂಗಾ ಹಿಂಡಿ ಮಾತ್ರ ಒಮ್ಮೆ ಕಡಿಮಿ ಬಂದಿತ್ತು. ಅದನ್ನೂ ಬರಿ."

"ಅದ್ಯಾಕ ಬೇ ಈಗ?"

"ಅಂವಗ ಗೊತ್ತಿರ್ಲಿ, ನನಗ ಗೊತ್ತೈತಿ ಅಂತ."

ಗಾರೆ ಕೆಲಸದ ನಯೀಮ ಹೇಳಿದ್ದು ಹೀಗೆ: "ಕಾಕಾ, ನನ್ನ ನಿಖಾದ ದಿನ ಘಾಟಿನ್ಯಾಗ ಟೈರ್ ಪಂಕ್ಚರ್ ಆದ್ರೂ ನೀವು ಟೈಮಿಗೆ ಸರಿಯಾಗಿ ಮುಟ್ಟಿಸಿದ್ರಿ. ಅದಕ್ಕ ನಿಮ್ಮ ಮ್ಯಾಲ ಇನ್ನೂ ಸಿಟ್ಟು ಐತಿ." ಅವನ ಹೆಂಡತಿ ಅಲ್ಲೇ ನಿಂತು, "ನಂದೂ ಅದ ಸಿಟ್ಟು ಐತಿ, ಅದ ಕಾರ್ಡಿನ್ಯಾಗ ಬರೀರಿ, ಬ್ಯಾರೇದು ಬ್ಯಾಡ" ಎಂದಳು.

ಶನಿವಾರ ಮಧ್ಯಾಹ್ನ ಅರವತ್ತೂ ಕಾರ್ಡನ್ನು ಅಂಗಡಿಗೆ ತಂದು ರಘುವೀರಣ್ಣನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದನ್ನು ಬಹಳ ಹೊತ್ತು ನೋಡಿದರು.

"ಹುಲಿಗೆಮ್ಮಾ, ಈ ಬಸ್ಸಿಂದ ಜನ ಎಲ್ಲಿ ಇಳೀತಾರೆ?"

"ಬಾಗಲಾಗಿಂದ್ರಿ ಅಣ್ಣಾ."

"ಬಾಗಿಲು ಯಾವ ಬದಿಗುಂಟು? ಬಸ್ಸಿನ ಮೂತಿ ಎತ್ತ ಉಂಟೋ ನೀನೂ ಅತ್ತ ಮುಖ ಮಾಡಿ ನಿಂತು ಹೇಳು."

ನಿಂತೆ. ಬಾಗಿಲು ನನ್ನ ಬಲಗೈ ಕಡೆಗಿತ್ತು.

"ಇಳಿದವರೆಲ್ಲ ಸೀದಾ ರಸ್ತೆ ನಡು, ಟ್ರಕ್ಕಿನ ಎದುರಿಗೆ" ಎಂದರು ರಘುವೀರಣ್ಣ. "ಡ್ರೈವರ್ ನೋಡಿದ್ರೆ ಎಡಕ್ಕೆ ಕೂತಿದ್ದಾನೆ. ಮೂವತ್ತು ವರ್ಷ ಒಬ್ಬರಿಗೂ ಒಂದು ಗಾಯ ಮಾಡದವನಿಗೆ ಒಳ್ಳೇ ಉಡುಗೊರೆ ಮಾರಾಯ್ತಿ!"

ಆದದ್ದೇನೆಂದು ಆಗಲೇ ತಿಳಿಯಿತು. ಬೋರ್ಡಿನ ಅಕ್ಷರವನ್ನು ನನ್ನ ಕೈ ರೂಢಿಯಂತೆ ಉಲ್ಟಾ ಕೊರೆದಿತ್ತು, ಅದು ಸರಿಯಾಗಿ ಬಿದ್ದಿತ್ತು. ಚಿತ್ರವನ್ನೂ ಉಲ್ಟಾ ಮಾಡಬೇಕೆಂಬುದು ಹೊಳೆದೇ ಇರಲಿಲ್ಲ. ಹದಿನಾಲ್ಕು ವರ್ಷ ನಾನು ತಿರುಗಿಸಿದ್ದು ಅಕ್ಷರಗಳನ್ನು ಮಾತ್ರ. ಬಸ್ಸನ್ನು ಫೋಟೋದಲ್ಲಿ ಇದ್ದ ಹಾಗೇ ಕೊರೆದಿದ್ದೆ, ಅದು ಕಾಗದದ ಮೇಲೆ ತಿರುಗಿ ಬಿದ್ದಿತ್ತು. ಅರವತ್ತು ಸಲ.

ಶುಭಾ ಅಕ್ಕನಿಗೆ ಫೋನು ಮಾಡಿದೆ.

"ಯಾರು ಅಷ್ಟು ನೋಡ್ತಾರ? ಹಳೇ ಕಾಲದ ಕಾರ್ಡು, ಹಳೇ ಕಾಲದಾಗ ಬಾಗಿಲಾ ಎಲ್ಲಿತ್ತು ಯಾರಿಗೆ ಗೊತ್ತದ?"

"ಡ್ರೈವರ್ ಕಾಕಾಗ ಗೊತ್ತಿರ್ತೈತ್ರಿ ಅಕ್ಕಾರ" ಎಂದೆ.

ಆ ಮಧ್ಯಾಹ್ನವೇ ಬೇರೆ ರಬ್ಬರು ತೆಗೆದುಕೊಂಡು, ರಾತ್ರಿಯವರೆಗೂ ಏಳದೆ ಕೂತು ಹೊಸದಾಗಿ ಕೊರೆದೆ. ಈ ಸಲ ಎಲ್ಲವೂ ಉಲ್ಟಾ. ಸರಿಯಾಗಿ ಬಿತ್ತು, ಬಾಗಿಲು ಎಡಕ್ಕೆ, ಕಾಕಾ ಬಲಕ್ಕೆ. ಆದರೆ ಅರವತ್ತು ಮನೆಯ ಮಾತು ತಪ್ಪು ಬಸ್ಸಿನ ಒಳಗೆ ಕೂತಿತ್ತು. ಹೊಸ ಕಾರ್ಡಿಗೆ ನಾನೇ ನಕಲು ಮಾಡಬಹುದಿತ್ತು, ಹೆಬ್ಬೆಟ್ಟಿನ ನಕಲು ಹೇಗೆ ಮಾಡಲಿ? ಮನೆಗೆ ಹೋಗಿ ಅವ್ವನನ್ನೇ ಮೊದಲು ಕೇಳಿದೆ.

"ನನ್ನ ಹೆಬ್ಬಟ್ಟು ಏನ್ ನಿನ್ನ ಅಂಗಡಿ ಸಿಕ್ಕಾ ಅಂತ ತಿಳದೀ ಏನು, ಬೇಕಾದಾಗ ಒತ್ತಾಕ?" ಎಂದಳು. "ಒಮ್ಮೆ ಒತ್ತೇನಿ, ಮುಗೀತು. ತಪ್ಪಾಗೇತಿ ಅಂತ ಅಂವಗ ಹೇಳು. ಅಂವೇನು ನಿನ್ನ ನುಂಗ್ತಾನೇನು?"

ನನಗಿದ್ದ ಹೆದರಿಕೆ ಅದಲ್ಲ. ಕಾಕಾ ನನ್ನ ಕಾಗದವನ್ನು ಒಂದು ಮೂಲೆಯೂ ಮಡಚದೆ ತಂದುಕೊಟ್ಟಿದ್ದರು. ಅವರಿಗೆ ನಾನು ಕೊಡುವ ಒಂದೇ ಕಾಗದ, ಅದೂ ಅವರ ಕೆಲಸವನ್ನೇ ತಪ್ಪಾಗಿ ತೋರಿಸುವಂಥದ್ದು. ಕೊನೆಯ ದಿನ ಜನ ನಕ್ಕರೆ ಆ ನಗು ಅವರಿಗೆ ಸೇರುತ್ತದೆ, ನನಗಲ್ಲ.

ಭಾನುವಾರ ಮೂರೂವರೆಗೆ ಸ್ಟ್ಯಾಂಡಿನಲ್ಲಿ ಓಣಿಗೆ ಓಣಿಯೇ ಸೇರಿತ್ತು. ಬಸ್ಸಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ರಘುವೀರಣ್ಣ, ಶುಭಾ ಅಕ್ಕ ಇಬ್ಬರೂ ಬಂದಿದ್ದರು. ನನ್ನ ಚೀಲದಲ್ಲಿ ಕಾರ್ಡಿನ ಕಟ್ಟು, ಹೊಸ ಸ್ಟ್ಯಾಂಪು, ಇಂಕ್ ಪ್ಯಾಡು. ಹೊಸ ಸ್ಟ್ಯಾಂಪನ್ನು ಯಾಕೆ ತಂದೆನೋ, ಸಾಕ್ಷಿಗೆ ಇರಲಿ ಎಂದಿರಬೇಕು. ಕಾಕಾನ ಕೈಯಲ್ಲಿ ಕಟ್ಟು ಇಡುತ್ತಲೇ ಹೇಳಿಬಿಟ್ಟೆ.

"ಕಾಕಾ, ಮೊದಲ ನನ್ನ ಮಾತು ಕೇಳ್ರಿ. ಬಸ್ಸು ತಪ್ಪಾಗೇತಿ. ಬಾಗಿಲಾ ಬಲಕ್ಕ ಬಂದೈತಿ, ನೀವು ಎಡಕ್ಕ ಕುಂತೀರಿ. ನಂದ ತಪ್ಪು, ಬ್ಯಾರೆ ಯಾರದೂ ಅಲ್ಲ."

ಕಾಕಾ ಮೇಲಿನ ಕಾರ್ಡನ್ನು ತೆಗೆದು ದೂರ ಹಿಡಿದರು, ಹತ್ತಿರ ಹಿಡಿದರು. ಬಸ್ಸು ಹತ್ತಿ ತಮ್ಮ ಸೀಟಿನಲ್ಲಿ ಕೂತು, ಹೊರಗಿನ ಕನ್ನಡಿಯನ್ನು ನೋಡಿದರು, ಮತ್ತೆ ಕಾರ್ಡನ್ನು ನೋಡಿದರು. ಕಿಟಕಿಯಿಂದ ತಲೆ ಹೊರಹಾಕಿದರು.

"ತಪ್ಪು ಅಂತ ಯಾರಂದ್ರು ನಿನಗ? ಇದು ಕನ್ನಡ್ಯಾಗಿನ ಬಸ್ಸು ಅಲ್ಲೇನವಾ! ಮೂವತ್ತು ವರ್ಸ ನನ್ನ ಹಿಂದ ಬರೋ ಬಸ್ಸು ನನಗ ಹಿಂಗ ಕಂಡೈತಿ. ನಾಳಿಂದ ನಾ ಮನ್ಯಾಗ. ನನ್ನ ಬಸ್ಸು ನನ್ನ ಹಿಂದ ಬರಾಕತ್ತೈತಿ, ಬ್ಯಾರೇ ಯಾವನೋ ಹೊಡ್ಕೊಂಡು. ಬರೋಬರಿ ಐತಿ."

ನಯೀಮ ಶಿಳ್ಳೆ ಹೊಡೆದ. ಅವ್ವ ಕಿಟಕಿಯ ಹತ್ತಿರ ಹೋಗಿ, "ನಂದೊಂದು ಕಾರ್ಡು ಓದು, ಹಿಂಡಿ ಲೆಕ್ಕ ಐತಿ" ಎಂದಳು. ಕಾಕಾ ಅಲ್ಲೇ ಓದಿ, "ಹಸಿವಿ ಆಗಿತ್ತು ಬೇ, ಲೋಂಡಾ ದಾಟಿದ ಮ್ಯಾಲ ತಿಂದೆ" ಎಂದು ಒಪ್ಪಿಕೊಂಡರು. ಅವ್ವ ನಕ್ಕಷ್ಟು ಜೋರಾಗಿ ಆ ಸ್ಟ್ಯಾಂಡಿನಲ್ಲಿ ಯಾರೂ ನಕ್ಕಿರಲಿಕ್ಕಿಲ್ಲ.

ಚೀಲದಲ್ಲಿ ಇನ್ನೇನಿದೆ ಎಂದು ಕಾಕಾ ಕೇಳಿದರು. ಹೊಸ ಸ್ಟ್ಯಾಂಪು ತೆಗೆದು ಅವರ ಅಂಗೈ ಮೇಲೆ ಒತ್ತಿ ತೋರಿಸಿದೆ.

"ಇದೂ ಛಲೋ ಐತಿ. ಇದು ರಸ್ತೇದಾಗ ನಿಂತವ್ರಿಗೆ ಕಾಣೋ ಬಸ್ಸು. ಇವರಿಗೆಲ್ಲಾ ಒತ್ತು" ಎಂದರು.

ಒಬ್ಬ ಪ್ರಯಾಣಿಕ ಟಿಕೆಟ್ಟು ಮುಂದೆ ಹಿಡಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಬಸ್ಸಿನ ಎಲ್ಲ ಕಿಟಕಿಗಳಿಂದ ಕೈಗಳು ಹೊರಬಂದವು, ಟಿಕೆಟ್ಟು ಹಿಡಿದವು ಕೆಲವು, ಬರಿಗೈ ಕೆಲವು. ನಾನು ಪ್ಯಾಡು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುತ್ತ ಒತ್ತಿದೆ. ಶುಭಾ ಅಕ್ಕ ಹಿಂದಿನಿಂದ, "ಮಸಕು, ಮಸಕು, ಪೂರ್ತಿ ಒತ್ತಬ್ಯಾಡ!" ಎಂದು ಕೂಗುತ್ತಿದ್ದರು. ರಘುವೀರಣ್ಣ, "ಪತ್ರ ಇಲ್ಲದೆ ಎಷ್ಟು ಸಿಕ್ಕಾ ಮಾರಾಯ್ತಿ!" ಎನ್ನುತ್ತಲೇ ತಮ್ಮ ಅಂಗೈಯನ್ನೂ ಮುಂದೆ ಚಾಚಿದರು.

ನಾಲ್ಕು ಗಂಟೆಗೆ ಸರಿಯಾಗಿ ಬಸ್ಸು ಹೊರಟಿತು. ಮುಂದಿನ ಗಾಜಿಗೆ ಒಳಗಿನಿಂದ ಒಂದು ಕಾರ್ಡು ಸಿಕ್ಕಿಸಿದ್ದರು.

ಮನೆಗೆ ನಡೆಯುವಾಗ, ನನ್ನ ಗುಣವೇ ಹಾಗಿರುವುದರಿಂದ, ಒಂದು ಮಾತು ತಲೆಗೆ ಬಂತು. ಅದು ಕನ್ನಡಿಯಲ್ಲಿನ ಬಸ್ಸಾಗಿದ್ದರೆ ಬೋರ್ಡಿನ ಅಕ್ಷರವೂ ತಿರುಗಿರಬೇಕಿತ್ತು. ನನ್ನ ಕಾರ್ಡಿನಲ್ಲಿ ಬಸ್ಸು ತಿರುಗಿದೆ, 'ಮುದ್ದೇಬಿಹಾಳ–ಮಡಗಾಂವ್' ಮಾತ್ರ ನೆಟ್ಟಗಿದೆ. ಮೂವತ್ತು ವರ್ಷ ಕನ್ನಡಿ ನೋಡಿಕೊಂಡೇ ಬಸ್ಸು ಓಡಿಸಿದವರಿಗೆ ಅದು ಕಾಣಲಿಲ್ಲವೋ, ಕಂಡೂ ನನ್ನ ಮುಖ ನೋಡಿ ಸುಮ್ಮನಾದರೋ, ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಕಾಕಾ ಈಗ ಈ ದಾರಿಯಲ್ಲಿ ಬರುವುದಿಲ್ಲ.