ಗಾರೆ ಬಳಿದ ಗೋಡೆ

"ಯಾರನ್ನು ಕೇಳಿ ಬಳಿದದ್ದು?"

ಪಡೀಲಿನಲ್ಲಿ ಸತ್ತವರೊಬ್ಬರ ಮಣ್ಣಿಗೆ ಹೋಗಿ ಜೆಪ್ಪುವಿಗೆ ಮರಳಿದ ಬೊನಿಫಾಸ್ ಗೇಟಿನ ಬಳಿಯೇ ಕಿರುಚಿದ. ಕರಣೆ ತೊಳೆಯುತ್ತಿದ್ದ ಮೇಸ್ತ್ರಿ ಪ್ರೇಮ್ ಮೆಲ್ಲನೆ ಜಾಗ ಖಾಲಿ ಮಾಡಿದ. ಬೊನಿಫಾಸನ ಮನೆಗೂ ತೀರಿಹೋದ ತಮ್ಮನ ಮನೆಗೂ ನಡುವೆ ಇದ್ದ ತೂತುತೂತಿನ ಕೆಂಪುಕಲ್ಲಿನ ಗೋಡೆ ಈಗ ಎರಡೂ ಕಡೆ ಸಿಮೆಂಟು ಮೆತ್ತಿಕೊಂಡು ನುಣ್ಣಗೆ ನಿಂತಿತ್ತು.

ತಮ್ಮನ ಹೆಂಡತಿ ಗ್ಲ್ಯಾಡಿಸ್ ಸೆರಗು ಸಿಕ್ಕಿಸಿಕೊಂಡು ಹೊರಬಂದಳು. "ನಾಡಿದ್ದು ನನ್ನ ಗೇವಿನ್‌ನ ರೋಸ್, ಆಚೆ ದಿನ ಮದುವೆ. ಪೆಂಡಾಲ್ ಇಲ್ಲಿಗೇ ತಾಗಿ ಉಂಟು. ಬಂದವರಿಗೆಲ್ಲ ಕಡಜ ಕಚ್ಚಬೇಕಾ?"

"ಹಿಂಡು ಕಟ್ಟದ ಒಂಟಿ ಕಡಜ ಇದು, ಕಚ್ಚುವುದಿಲ್ಲ! ಇಷ್ಟು ವರ್ಷದಲ್ಲಿ ನನ್ನನ್ನು ಕಚ್ಚಿದೆಯಾ?"

"ನಿಮ್ಮನ್ನು ಎಂತಕ್ಕೆ ಕಚ್ಚುತ್ತದೆ ಮಾರಾಯ್ರೆ? ಅವಕ್ಕೂ ನಿಮ್ಮ ಗುಣ ಗೊತ್ತುಂಟು."

ಮೀಸೆ ಮೂಡುವ ಮೊದಲೇ ಬೊನಿಫಾಸ್ ಆ ಗೋಡೆಯ ಎದುರು ಸ್ಟೂಲು ಹಾಕಿ ಕೂತವನು. ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಒಂದು ಭೂತಗನ್ನಡಿ, ಎರಡು ಕಣ್ಣು, ಅಷ್ಟೇ. ಕಲ್ಲಿನ ತೂತಿನಲ್ಲಿ ಕಡಜ ಮೊಟ್ಟೆಯಿಟ್ಟು, ಹುಟ್ಟುವ ಮರಿಗೆಂದು ಹಸಿರು ಹುಳುಗಳನ್ನು ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತದೆ. ಮೆತ್ತುವ ಮೊದಲು ಅವನು ಚಿಮಟದಿಂದ ಮೊಟ್ಟೆ, ಹುಳು ಎಲ್ಲ ಹೊರಗೆಳೆದು ನೋಡಿದ್ದ. ಆ ಪೆದ್ದು ತಾಯಿ ಒಳಗೆ ಇಣುಕದೆ ಖಾಲಿ ತೂತಿಗೇ ಶ್ರದ್ಧೆಯಿಂದ ಮಣ್ಣು ಮೆತ್ತಿ ಹಾರಿಹೋಗಿತ್ತು. ಅದನ್ನು ಎಷ್ಟು ಸಲ ನೋಡಿದರೂ ಅವನಿಗೆ ನಗು ಬರುತ್ತಿತ್ತು. ಈಗ ಗೋಡೆಯೊಳಗೆ ಈ ವರ್ಷದ ಮರಿಗಳೆಲ್ಲ ಸಿಮೆಂಟಿನ ಅಡಿ ಜೀವಂತ ಸಮಾಧಿ.

"ರೋಸ್‌ಗೆ ನಾನು ಬರುವುದಿಲ್ಲ. ಆ ಮೇಸ್ತ್ರಿಯ ಕೈಯಲ್ಲೇ ಹಚ್ಚಿಸು."

ಅದು ಸಣ್ಣ ಮಾತಲ್ಲ. ಮದುವೆಯ ಹಿಂದಿನ ದಿನದ ರೋಸ್‌ನಲ್ಲಿ ಮದುಮಗನ ಹಣೆಗೆ ತೆಂಗಿನ ಹಾಲಿನಿಂದ ಮೊದಲ ಶಿಲುಬೆ ಬರೆಯಬೇಕಾದವನು ಅಪ್ಪ. ತಮ್ಮನ ಮಗ, ಅಪ್ಪನಿಲ್ಲದ ಗೇವಿನ್‌ಗೆ ಆ ಜಾಗದಲ್ಲಿ ಉಳಿದವನು ಈ ಮುಂಗೋಪಿ ಒಬ್ಬನೇ.

ರೋಸ್‌ನ ದಿನ ಸಂಜೆಯಾಗುವ ಮೊದಲೇ ಆ ಕಡೆ ಜನ ಸೇರಿದರು. ಈ ಕಡೆ ಬೊನಿಫಾಸ್ ಸ್ಟೂಲಿನ ಮೇಲೆ. ಒಂದು ಕಡಜ ಹಸಿರು ಹುಳುವನ್ನು ಹೊತ್ತು ಬಂತು, ತನ್ನ ತೂತಿನ ಬಾಗಿಲಿದ್ದ ಜಾಗದಲ್ಲೇ ಸಿಮೆಂಟಿನ ಮೇಲೆ ಇಳಿಯಿತು, ಸುತ್ತಿತು, ಹಾರಿತು, ಮತ್ತೆ ಅಲ್ಲಿಗೇ ಬಂತು.

"ಬಾಪ್ಪು, ಎಲ್ಲ ಕಾಯ್ತಾ ಇದ್ದಾರೆ."

ಗೇವಿನ್. ಬನಿಯನ್, ಹೆಗಲಿಗೆ ಟವೆಲು.

"ದೊಡ್ಡಪ್ಪ ಸತ್ತ ಅಂತ ನಿನ್ನ ಅಮ್ಮನಿಗೆ ಹೇಳು. ಗೋಡೆ ಬಳಿಸುವಾಗ ನನ್ನ ನೆನಪು ಆಗಲಿಲ್ಲ ಅವಳಿಗೆ."

"ಬಳಿಸಿದ್ದು ಮಮ್ಮಿ ಅಲ್ಲ, ನಾನು."

ಬೊನಿಫಾಸ್ ಸ್ಟೂಲಿನಲ್ಲೇ ತಿರುಗಿ ಕೂತ.

"ಪಪ್ಪನ ಶವಪೆಟ್ಟಿಗೆ ಎತ್ತುವಾಗ ನೀವು ಎಲ್ಲಿದ್ದಿರಿ? ಇದೇ ಸ್ಟೂಲಿನಲ್ಲಿ. ಇವತ್ತು ನನ್ನ ಹಣೆಗೆ ಕೈ ಇಟ್ಟುಕೊಂಡು ನೀವು ಗೋಡೆ ನೋಡುವುದು ಬೇಡ ಅಂತಲೇ ಬಳಿಸಿದ್ದು. ಬರುವುದಾದರೆ ಬನ್ನಿ. ಇಲ್ಲದಿದ್ದರೆ ಬೇಡ, ನನಗೇನೂ ಆಗಬೇಕಾದ್ದಿಲ್ಲ."

ಅವನು ಹೋದ. ಆ ಕಡೆ ಹೆಂಗಸರು ಮದುವೆಯ ವೊವಿಯೊ ಹಾಡು ಎತ್ತಿಕೊಂಡರು. ಗೋಡೆಯ ಮೇಲೆ ಕಡಜ ಈಗ ಮಣ್ಣಿನ ಉಂಡೆ ತಂದು, ತೂತೇ ಇಲ್ಲದಲ್ಲಿ ಮೆತ್ತತೊಡಗಿತ್ತು. ಬೊನಿಫಾಸನಿಗೆ ಈ ಸಲ ನಗು ಬರಲಿಲ್ಲ. ಥತ್ ಎಂದು ಎದ್ದ. ಲುಂಗಿಯಲ್ಲೇ ಗೇಟು ದಾಟಿದ.

ಗ್ಲ್ಯಾಡಿಸ್ ಮುಖ ಗಂಟುಹಾಕಿಕೊಂಡೇ ಹಾಲಿನ ಬಟ್ಟಲನ್ನು ಕೈಗೆ ತುರುಕಿದಳು. ಬೊನಿಫಾಸ್ ಹೆಬ್ಬೆರಳು ಅದ್ದಿ, ಕಣ್ಣು ಮುಚ್ಚಿ ಕೂತ ಗೇವಿನ್‌ನ ಕಡೆ ಬಾಗಿದ. ಎಡ ಹುಬ್ಬಿನ ಮೇಲೆ, ಬೆರಳಿಗೆ ಸಿಗುವಷ್ಟು ಉದ್ದಕ್ಕೆ, ಹೊಲಿಗೆ ಹಾಕಿದ ಹಳೆಯ ಗಾಯದ ಗುರುತು. ರೆಕ್ಕೆಯ ಹರಕು ನೋಡಿ ಒಂದೊಂದು ಕಡಜವನ್ನೂ ಬೇರೆಬೇರೆಯಾಗಿ ಗುರುತಿಸುವವನು ಇದನ್ನು ಎಂದೂ ಕಂಡಿರಲಿಲ್ಲ.

"ಇದು ಯಾವಾಗ ಆದದ್ದು, ಪುತಾ?"

"ಶಾಲೆಗೆ ಹೋಗುವಾಗ. ನಿಮ್ಮ ಮೆಟ್ಟಿಲಿನಲ್ಲೇ ಬಿದ್ದದ್ದು," ಗೇವಿನ್ ಕಣ್ಣು ತೆರೆಯಲಿಲ್ಲ. "ನಿಮ್ಮನ್ನು ಕೂಗಿದ್ದೆ."

ಹಿಂದಿನಿಂದ ಯಾರೋ, "ಬೇಗ ಹಚ್ಚಿ, ಎಲ್ಲರಿಗೂ ಹಚ್ಚಲಿಕ್ಕೆ ಉಂಟು," ಎಂದರು. ಬೊನಿಫಾಸನ ಹೆಬ್ಬೆರಳಿನಿಂದ ಇಳಿದ ಹಾಲು ಆ ಗಾಯದ ಗೆರೆಯಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಕೆನ್ನೆಗೆ ಹರಿಯಿತು.